ರಾಣಿ ರೂಪಾಯಿಯ ಚೀಟಿ

ಹೋದ ವಾರ ನಮ್ಮ ಅಡುಗೆಕೋಣೆಗೆ ಒಂದು ತಕ್ಕಡಿ ಬಂತು. ತಕ್ಕಡಿ ಎಂದ ಕೂಡಲೇ ನೀವು ಎರಡು ತಟ್ಟೆ, ನಡುವೆ ಒಂದು ಮುಳ್ಳು ಎಂದುಕೊಳ್ಳಬೇಡಿ. ಇದು ಅಂಗೈ ಅಗಲದ ಗಾಜಿನ ಹಲಗೆ. ಮೇಲೆ ಏನಾದರೂ ಇಟ್ಟರೆ ಅಂಕಿಗಳು ಹೊತ್ತಿಕೊಳ್ಳುತ್ತವೆ. ಸೊಸೆ ಶಾಲಿನಿಗೆ ಇತ್ತೀಚೆಗೆ ಕೇಕು ಮಾಡುವ ಹುಚ್ಚು ಹಿಡಿದಿದೆ. ಮೈದಾ ಇಷ್ಟು ಗ್ರಾಮು, ಬೆಣ್ಣೆ ಇಷ್ಟು ಗ್ರಾಮು ಎಂದು ತೂಗಿ ತೂಗಿ ಹಾಕುತ್ತಾಳೆ. ಕೇಕು ಚೆನ್ನಾಗಿಯೇ ಆಗುತ್ತದೆ, ದೂರಿಲ್ಲ. ಆದರೆ ಆ ಹಲಗೆ ಮನೆಗೆ ಬಂದ ದಿನದಿಂದ ನನಗೆ ಸಮಾಧಾನವಿಲ್ಲ.

ಸಾಲದ್ದಕ್ಕೆ ಅದೇ ವಾರ ಉಡುಪಿಯಿಂದ ಒಬ್ಬ ಹುಡುಗನ ಫೋನು. ಬರುವ ಭಾನುವಾರ ಅಲ್ಲಿ ನಾಣ್ಯ ಪ್ರದರ್ಶನವಂತೆ. ಕೊಳ್ಳುವವರು, ಮಾರುವವರು ಎಲ್ಲ ಸೇರುತ್ತಾರಂತೆ. ಹಳಬರಿಗಾಗಿ ಪ್ರತ್ಯೇಕ ಮೇಜು ಇಡುತ್ತಾರಂತೆ. "ಸರ್, ನೀವು ಮೊದಲಿನವರು. ನಿಮ್ಮದು ಒಂದಾದರೂ ನಾಣ್ಯ ಇರಬೇಕು" ಎಂದ. ಆಗಲಿ ಎಂದುಬಿಟ್ಟೆ. ನನ್ನದು ಹುಟ್ಟಾ ಹೆದರಿಕೆಯ ಸ್ವಭಾವ. ಬೇಡ ಎಂದು ಹೇಳುವುದಕ್ಕೂ ಹೆದರಿಕೆ, ಆಗಲಿ ಎಂದ ಮೇಲೆ ಆಗಲಿ ಎಂದದ್ದಕ್ಕೂ ಹೆದರಿಕೆ. ಎಂಬತ್ತೆಂಟು ವರ್ಷವಾದರೂ ಅದು ಬಿಟ್ಟಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ, ಎಲ್ಲರೂ ಉಂಡು ಅಡ್ಡಾದ ಮೇಲೆ, ನಾನು ಕಳ್ಳ ಬೆಕ್ಕಿನಂತೆ ಅಡುಗೆಕೋಣೆಗೆ ಹೋಗಿ ಆ ಹಲಗೆಯ ಮೇಲೆ ಒಂದು ಬೆಳ್ಳಿ ರೂಪಾಯಿ ಇಟ್ಟೆ. ಹನ್ನೊಂದು ದಶಮಾಂಶ ನಾಲ್ಕು ಗ್ರಾಮು ಎಂದಿತು. ತೆಗೆದು ಮತ್ತೆ ಇಟ್ಟೆ. ಅಷ್ಟೇ. ಮೂರನೆಯ ಸಲ ಇಡುವಾಗ ಬೆನ್ನ ಹಿಂದಿನಿಂದ ಶಾಲಿನಿಯ ದನಿ.

"ಎಂತ ಮಾವ, ತೂಗುವುದು?"

ರೂಪಾಯಿ ಕೈ ತಪ್ಪಿ ನೆಲಕ್ಕೆ ಬಿತ್ತು, ಉರುಳಿ ಗ್ಯಾಸಿನ ಸಿಲಿಂಡರಿನ ಅಡಿಗೆ ಹೋಯಿತು. ಅವಳು ಅದನ್ನು ಹೆಕ್ಕಿ ಕೊಡುವಷ್ಟರಲ್ಲಿ ನನ್ನ ಬನಿಯನು ಬೆವರಿನಿಂದ ಒದ್ದೆಯಾಗಿತ್ತು. ಒಂದು ರೂಪಾಯಿಗೆ ಇಷ್ಟು ಬೆವರುವವನನ್ನು ಅವಳು ಮೊದಲ ಸಲ ನೋಡಿದ್ದಿರಬೇಕು. ಏನೂ ಇಲ್ಲ ಎಂದು ಕೋಣೆಗೆ ಬಂದೆ. ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ, ಸ್ವಲ್ಪ ಕುಳಿತುಕೊಳ್ಳಿ.

ಅರುವತ್ತರ ದಶಕದ ಮೊದಲ ವರ್ಷಗಳು. ನಾನಾಗ ಮಣಿಪಾಲದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಮದುವೆಯಾಗಿರಲಿಲ್ಲ. ಉಡುಪಿಯಲ್ಲಿ ಅಮ್ಮನ ಜೊತೆ ವಾಸ. ತಂಗಿ ಸುಮತಿಯನ್ನು ನಿಟ್ಟೆಗೆ ಕೊಟ್ಟು ಐದು ವರ್ಷವಾಗಿತ್ತು. ಸಂಬಳದಲ್ಲಿ ಅಮ್ಮನ ಕೈಗೆ ಕೊಟ್ಟು ಉಳಿದದ್ದು ನಾಣ್ಯಕ್ಕೆ ಹೋಗುತ್ತಿತ್ತು. ಹೊಸ ಪೈಸೆ ಬಂದು ಕೆಲವು ವರ್ಷಗಳಾಗಿ, ಜನ ಹಳೆಯ ಕಾಸು, ಆಣೆ, ಪಾವಲಿಗಳನ್ನು ಡಬ್ಬಿಯಿಂದ ಹೊರಗೆ ತೆಗೆಯುತ್ತಿದ್ದ ಕಾಲ. ನಮ್ಮಂಥವರಿಗೆ ಸುಗ್ಗಿ. ಅಮ್ಮ ಮಾತ್ರ "ಚಲಾವಣೆಯಾಗದ ದುಡ್ಡನ್ನು ಚಲಾವಣೆಯಾಗುವ ದುಡ್ಡು ಕೊಟ್ಟು ತರುವವ ಈ ಊರಲ್ಲಿ ನೀನೊಬ್ಬನೇ" ಎನ್ನುತ್ತಿದ್ದಳು.

ನಾನೊಬ್ಬನೇ ಆಗಿರಲಿಲ್ಲ. ಹತ್ತಿಪ್ಪತ್ತು ಮಂದಿ ಇದ್ದೆವು. ತಿಂಗಳಿಗೊಮ್ಮೆ ಸೇರುತ್ತಿದ್ದೆವು: ಒಮ್ಮೆ ಉಡುಪಿ, ಒಮ್ಮೆ ಕಾರ್ಕಳ, ಒಮ್ಮೆ ಕಾಪು. ಯಾವುದಾದರೂ ಶಾಲೆಯ ಹಾಲಿನಲ್ಲಿ ಬೆಂಚುಗಳನ್ನು ಜೋಡಿಸಿ, ಮೇಲೆ ಬಿಳಿ ಪಂಚೆ ಹಾಸಿ, ಸಾಲಾಗಿ ನಾಣ್ಯ ಇಟ್ಟುಕೊಂಡು ಕೂರುವುದು. ಹತ್ತು ಗಂಟೆಗೆ ಚಹಾ ಮತ್ತು ಬನ್ಸು. ಬನ್ಸಿನ ಎಣ್ಣೆ ಕೈಯಲ್ಲಿ ನಾಣ್ಯ ಮುಟ್ಟಿದವನಿಗೆ ಬೈಗುಳ. ಆ ಕೂಟದಲ್ಲಿ ಕೊಳ್ಳುವುದಕ್ಕೂ ಒಂದು ಕ್ರಮವಿತ್ತು. ನಿಮಗೆ ಬೇಕಾದ ನಾಣ್ಯದ ಕಡೆಗೆ ಕಣ್ಣೆತ್ತಿಯೂ ನೋಡಬಾರದು. ಪಕ್ಕದ್ದನ್ನು ಎತ್ತಿ, ತಿರುಗಿಸಿ, ಬೆಲೆ ಕೇಳಿ, ಬಾಯಿ ಸೊಟ್ಟ ಮಾಡಿ ಕೆಳಗಿಡಬೇಕು. ಆಮೇಲೆ, ಹೋಗುವ ಹೊತ್ತಿಗೆ ನೆನಪಾದವನಂತೆ, "ಅದೆಂತದು, ಸವೆದದ್ದು?" ಎನ್ನಬೇಕು. ಸವೆದಿರಲಿ ಬಿಡಲಿ, ಸವೆದದ್ದು ಎನ್ನಲೇಬೇಕು. ಮಾರುವವನಿಗೂ ಇದೆಲ್ಲ ಗೊತ್ತು. ಮುಂದಿನ ಮೇಜಿನಲ್ಲಿ ಅವನೂ ಅದನ್ನೇ ಮಾಡುವವನು. ಆದರೂ ನನಗೆ ಪ್ರತಿ ಸಲ ಎದೆ ಡವಡವ. ಒಳಗಿನ ಆಸೆ ಮುಖದಲ್ಲಿ ಕಂಡುಬಿಟ್ಟರೆ ಎಂದು ಹೆದರಿ ನಾನು ನಾಣ್ಯ ನೋಡುವಾಗ ಹಲ್ಲುನೋವಿನವನಂತೆ ಕಾಣುತ್ತಿದ್ದೆನಂತೆ.

ಈ ಕೂಟದ ಹಿರಿಯರು ಲೋರೆನ್ಸ್ ಪೊರ್ಬುಗಳು. ಪೋಸ್ಟಾಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಕೂಟದಲ್ಲಿ ಮಾತ್ರ ಅಚ್ಚು ಹಾಕಿದಂಥ ಕನ್ನಡ. ಚೀಟಿ ಅವರದೇ ಕಾನೂನು. ಮೇಜಿಗೆ ಬರುವ ಪ್ರತಿ ನಾಣ್ಯದ ಕೆಳಗೂ ಒಂದು ಚೀಟಿ ಇರಬೇಕು, ಅದರಲ್ಲಿ ಐದು ಸಾಲು ಇರಬೇಕು: ಎಲ್ಲಿಂದ ಬಂತು, ಯಾವ ಕಾಲದ್ದು, ಲೋಹ ಯಾವುದು, ತೂಕ ಎಷ್ಟು, ದೋಷ ಏನು. ಒಂದು ಸಾಲು ಖಾಲಿ ಬಿಟ್ಟರೂ ಪೊರ್ಬುಗಳು ಬಂದು ನಾಣ್ಯವನ್ನು ಎತ್ತಿ ನಿಮ್ಮ ಅಂಗೈಗೆ ಹಾಕಿ, "ಚೀಟಿ ಬರೆದು ತನ್ನಿ" ಎಂದು ಮುಂದೆ ಹೋಗುವರು. ಕೊಳ್ಳುವವನಿಗೆ ಮೋಸವಾಗಬಾರದು ಎಂಬುದು ಅವರ ಉದ್ದೇಶ. ಒಳ್ಳೆಯ ಕಾನೂನೇ. ನಾನು ಅದನ್ನು ಎಲ್ಲರಿಗಿಂತ ಚೆನ್ನಾಗಿ ಪಾಲಿಸುತ್ತಿದ್ದೆ. ನನ್ನ ಅಕ್ಷರ ದುಂಡಗೆ, ಕಾಲೇಜಿನ ತಕ್ಕಡಿ ಕೈಗೆಟುಕುವಂತಿತ್ತು. ಬೇರೆಯವರು ತೂಕದ ಸಾಲಿನಲ್ಲಿ "ಸುಮಾರು" ಎಂದು ಬರೆದರೆ ನಾನು ಮಿಲಿಗ್ರಾಮಿನವರೆಗೆ ಬರೆಯುತ್ತಿದ್ದೆ. ಜನ ನನ್ನ ನಾಣ್ಯಗಳಿಗಿಂತ ಹೆಚ್ಚು ನನ್ನ ಚೀಟಿಗಳನ್ನು ಓದುತ್ತಿದ್ದರು, ಅದು ನನಗೆ ಗೊತ್ತಿತ್ತು, ಹಿತವೂ ಆಗುತ್ತಿತ್ತು.

ಉಡುಪಿಯ ಒಂದು ಕೂಟಕ್ಕೆ ಕಾಪುವಿನಿಂದ ಐತಪ್ಪ ಆಚಾರ್ಯರು ಬಂದರು. ಅಕ್ಕಸಾಲಿಗರು. ನಮ್ಮ ಮನೆಗೆ ಹೊಸಬರಲ್ಲ. ಅಮ್ಮನ ಹಳೆಯ ಸರವನ್ನು ಕರಗಿಸಿ ಸುಮತಿಯ ಮದುವೆಗೆ ಮೂರು ತೊಲೆಯ ಸರ ಮಾಡಿ ಕೊಟ್ಟವರು ಅವರೇ. ಆ ವರ್ಷ ಸರಕಾರ ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚಿನ ಚಿನ್ನದಲ್ಲಿ ಒಡವೆ ಮಾಡಬಾರದೆಂದು ಕಾನೂನು ತಂದಿತ್ತು. ಹದಿನಾಲ್ಕು ಕ್ಯಾರೆಟ್ಟಿನ ತಾಳಿಯನ್ನು ಯಾರು ಮಾಡಿಸುತ್ತಾರೆ? ಅಕ್ಕಸಾಲಿಗರ ಒಲೆಗಳು ಒಂದೊಂದಾಗಿ ಆರಿಹೋದವು. ಅದಕ್ಕೂ ಮೊದಲೇ ತೊಲೆ ಹೋಗಿ ಗ್ರಾಮು ಬಂದಿತ್ತು. ನಿಮಗೆ ಗೊತ್ತಿರಲಿಕ್ಕಿಲ್ಲ, ಬ್ರಿಟಿಷರ ರಾಣಿಯ ತಲೆಯಿರುವ ಹಳೆಯ ಬೆಳ್ಳಿ ರೂಪಾಯಿಯ ತೂಕ ಸರಿಯಾಗಿ ಒಂದು ತೊಲೆ. ನಮ್ಮ ಕಡೆಯ ಅಕ್ಕಸಾಲಿಗರು ಅದನ್ನೇ ತೂಕದ ಕಲ್ಲಾಗಿ ಬಳಸುತ್ತಿದ್ದರು. ತೊಲೆಗೆ ರೂಪಾಯಿ, ಅದಕ್ಕಿಂತ ಕೆಳಗೆ ಗುಲಗಂಜಿ. ಆಚಾರ್ಯರು ಮಾರಲು ತಂದದ್ದು ಅಂಥದೊಂದು ರೂಪಾಯಿ. ಅವರಿಗೆ ಕೂಟದ ಕ್ರಮ ಗೊತ್ತಿಲ್ಲ. ನೇರವಾಗಿ ನನ್ನ ಬಳಿಗೆ ಬಂದು ಟುವಾಲಿನ ಗಂಟು ಬಿಚ್ಚಿದರು.

"ಮಾಷ್ಟ್ರೆ, ಇದನ್ನು ನೀವು ಇಟ್ಟುಕೊಳ್ಳಿ. ನಾಲ್ಕು ರೂಪಾಯಿ ಕೊಡಿ. ಕನ್ನಡಕ ಬದಲಿಸಬೇಕು."

"ಈಗ ಕನ್ನಡಕ ಎಂತಕ್ಕೆ ಆಚಾರ್ರೆ?"

ಅವರು ದನಿ ತಗ್ಗಿಸಿದರು. "ನಮ್ಮಲ್ಲಿ ಸೊಸೈಟಿ ಉಂಟಲ್ಲ, ಅಲ್ಲಿ ಅಡವು ಸಾಲಕ್ಕೆ ಬರುವ ಚಿನ್ನ ನೋಡ್ಲಿಕ್ಕೆ ಜನ ಬೇಕಂತೆ. ನನ್ನ ಹೆಸರು ಹೇಳಿದ್ದಾರೆ. ಬರುವ ತಿಂಗಳು ತೀರ್ಮಾನ. ಡೈರೆಕ್ಟರುಗಳ ಎದುರು ಕಣ್ಣು ಕಿರಿದು ಮಾಡಿ ನೋಡಿದ್ರೆ ಆಗ್ಲಿಕ್ಕಿಲ್ಲ ಅಲ್ವಾ? ಮನೆಯಲ್ಲಿ ಆರು ಜನ. ಈ ಕೆಲಸ ಆಗದಿದ್ರೆ ಎಂತ ಮಾಡುವುದೂಂತ ನನಗೆ ಗೊತ್ತಿಲ್ಲ ಮಾಷ್ಟ್ರೆ."

ರಾಣಿಯ ಮುಖ ಹೊಸದರಂತೆ ಇತ್ತು. ಕೈಯಿಂದ ಕೈಗೆ ಓಡಾಡದೆ ಪೆಟ್ಟಿಗೆಯಲ್ಲೇ ಇದ್ದ ನಾಣ್ಯವಲ್ಲವೇ. ಬೇಕೇ ಬೇಕು ಅನಿಸಿತು. ಕೂಡಲೇ ನನ್ನ ಹಲ್ಲುನೋವಿನ ಮುಖ ಬಂತು. ಆಚಾರ್ಯರು, "ಒಂದು ವಿಷಯ ಹೇಳಬೇಕು, ಇದು ಸ್ವಲ್ಪ..." ಎಂದು ಶುರು ಮಾಡಿದ್ದರು. ನಾನು ಬಿಡಲಿಲ್ಲ. "ಗೊತ್ತಾಯಿತು ಆಚಾರ್ರೆ, ಸವೆದಿದೆ. ಮೂರೂವರೆ ಕೊಡುತ್ತೇನೆ" ಎಂದೆ. ಅವರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ, "ಆಯಿತು, ಅರ್ಧ ಕಡಿಮೆ ಆದ್ರೆ ನ್ಯಾಯವೇ" ಎಂದು ದುಡ್ಡು ತೆಗೆದುಕೊಂಡು ಹೋದರು. ಎಂಟಾಣೆ ಉಳಿಸಿದ ಖುಷಿಯಲ್ಲಿ ನಾನು ಇನ್ನೊಂದು ಬನ್ಸು ತಿಂದೆ.

ಮರುದಿನ ಮಣಿಪಾಲದಲ್ಲಿ, ಹುಡುಗರು ಬರುವ ಮೊದಲು, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ಅದನ್ನು ತೂಗಿದೆ. ಆ ತಕ್ಕಡಿ ಎಷ್ಟು ಸೂಕ್ಷ್ಮ ಎಂದರೆ ಎದುರು ಕೂತು ಜೋರಾಗಿ ಉಸಿರು ಬಿಟ್ಟರೂ ಮುಳ್ಳು ಅಲ್ಲಾಡುತ್ತದೆ. ನಾಣ್ಯ ಒಂದು ತೊಲೆ ತೂಗಲಿಲ್ಲ. ಸುಮಾರು ಎರಡು ಗುಲಗಂಜಿಯಷ್ಟು ಕಡಿಮೆ. ಮುಖ ಸವೆಯದ ನಾಣ್ಯಕ್ಕೆ ಅಷ್ಟು ಕಡಿಮೆಯಾಗುವುದು ಹೇಗೆ? ಭೂತಗನ್ನಡಿ ಹಿಡಿದು ಅಂಚನ್ನು ನೋಡಿದೆ. ಅಂಚಿನ ಸಣ್ಣ ಗೀರುಗಳನ್ನು ಒಂದು ಕಡೆ ಅರದಿಂದ ಉಜ್ಜಿ, ಮತ್ತೆ ಗೀರು ಎಳೆದು ಮುಚ್ಚಿದ್ದರು. ಬಹಳ ನಾಜೂಕಿನ ಕೆಲಸ. ಅಕ್ಕಸಾಲಿಗನಲ್ಲದೆ ಬೇರೆ ಯಾರಿಗೂ ಸಾಧ್ಯವಿಲ್ಲದ್ದು.

ತೂಕದ ಕಲ್ಲೇ ಹಗುರ! ತೊಲೆ ಎಂದು ಹೇಳಿ ಅವರು ಕೊಟ್ಟ ಪ್ರತಿ ತೊಲೆಯಲ್ಲೂ ಎರಡು ಗುಲಗಂಜಿ ಚಿನ್ನ ಅವರ ಮನೆಯಲ್ಲೇ ಉಳಿದಿದೆ. "ಅರ್ಧ ಕಡಿಮೆ ಆದ್ರೆ ನ್ಯಾಯವೇ" ಎಂದರಲ್ಲ, ಅದರ ಅರ್ಥ ಇದೇ. ಗೊತ್ತಿದ್ದೇ ಮಾರಿದ್ದಾರೆ. ಸುಮತಿಯ ಮೂರು ತೊಲೆಯ ಸರ ಮೂರು ತೊಲೆ ಇಲ್ಲ. ನಿಟ್ಟೆಯಲ್ಲಿ ಅವಳ ಅತ್ತೆ ಎಂದಾದರೊಂದು ದಿನ ಅದನ್ನು ಗ್ರಾಮಿನ ತಕ್ಕಡಿಯಲ್ಲಿ ಹಾಕಿಸಿದರೆ? ಮೂರು ಎಂದು ಹೇಳಿ ಕಡಿಮೆ ಕೊಟ್ಟ ಮನೆ ಎಂಬ ಮಾತು ಅಮ್ಮನ ಮೇಲೆ ಬರುತ್ತದೆ. ಸುಮತಿ ಆ ಮನೆಯಲ್ಲಿ ತಲೆ ಎತ್ತಿ ಹೇಗೆ ಓಡಾಡುತ್ತಾಳೆ? ಪಾಠದ ನಡುವೆ, ಊಟದ ನಡುವೆ, ಬಸ್ಸಿನಲ್ಲಿ, ಇದೇ ಯೋಚನೆ. ಅಮ್ಮ ಎರಡು ಸಲ ಹಣೆ ಮುಟ್ಟಿ ನೋಡಿ ಜ್ವರ ಇಲ್ಲ ಎಂದಳು.

ನೀವು ಕೇಳಬಹುದು: ಸರವನ್ನೇ ತರಿಸಿ ತೂಗಬಹುದಿತ್ತಲ್ಲ? ತೂಗಬಹುದಿತ್ತು. ಅಮ್ಮನನ್ನು ನೋಡಲು ಸುಮತಿ ತಿಂಗಳಿಗೊಮ್ಮೆ ಬರುತ್ತಿದ್ದಳು, ಸರ ಅವಳ ಕತ್ತಿನಲ್ಲೇ ಇರುತ್ತಿತ್ತು. ಆದರೆ ತೂಗಿದರೆ ನಿಜ ಗೊತ್ತಾಗಿಬಿಡುತ್ತದಲ್ಲ ಎಂಬ ಹೆದರಿಕೆ ನನಗೆ. ಪ್ರಯೋಗಾಲಯದಲ್ಲಿ ಹುಡುಗರಿಗೆ ದಿನವೂ ಹೇಳುತ್ತಿದ್ದೆ, ಮೂರು ಸಲ ತೂಗದೆ ಪುಸ್ತಕದಲ್ಲಿ ಬರೆಯಬೇಡಿ ಎಂದು. ನಾನು ಒಂದೇ ಒಂದು ಸಲ ತೂಗಿದ್ದೆ, ಅದೂ ನಾಣ್ಯವನ್ನು ಮಾತ್ರ. ಉಳಿದದ್ದನ್ನೆಲ್ಲ ಹೆದರಿಕೆಯೇ ತೂಗಿ ಕೊಟ್ಟಿತ್ತು.

ಕಾರ್ಕಳದ ಕೂಟ ಬಂತು. ಹಿಂದಿನ ಸಂಜೆ ಚೀಟಿ ಬರೆಯಲು ಕೂತೆ. ಹೆದರಿಕೆ ಒಂದು ಕಡೆ ಇರಲಿ, ಇಂಥ ನಾಣ್ಯ ಯಾರ ಬಳಿಯೂ ಇಲ್ಲ ಎಂಬ ಹೆಮ್ಮೆ ಇನ್ನೊಂದು ಕಡೆ ಮೆಲ್ಲಗೆ ತಲೆ ಎತ್ತಿತ್ತು. ಎರಡೂ ಒಟ್ಟಿಗೆ ಇರಬಹುದೇ ಎಂದು ಕೇಳಿದರೆ, ಇರಬಹುದು, ನಾನೇ ಸಾಕ್ಷಿ. ಎಲ್ಲಿಂದ ಬಂತು: ಕಾಪು, ಐತಪ್ಪ ಆಚಾರ್ಯರಿಂದ. ಕಾಲ: ರಾಣಿಯದು. ಲೋಹ: ಬೆಳ್ಳಿ. ತೂಕ: ಮಿಲಿಗ್ರಾಮಿನವರೆಗೆ. ದೋಷ: ಅಂಚಿಗೆ ಅರ ಹಾಕಿದೆ. ಅಕ್ಕಸಾಲಿಗನ ಕಳ್ಳತೂಕ. ದುಂಡಗಿನ ಅಕ್ಷರದಲ್ಲಿ ಬರೆದು, ಒಮ್ಮೆ ದೂರದಿಂದ ಹಿಡಿದು ನೋಡಿ, ಶಾಯಿ ಒಣಗಲು ಊದಿದೆ. ಒಬ್ಬ ಮನುಷ್ಯನ ಹೆಸರು ಮತ್ತು ಕಳ್ಳತೂಕ ಎಂಬ ಮಾತು ಒಂದೇ ಚೀಟಿಯಲ್ಲಿ ಇದ್ದವು. ಐದು ಸಾಲೂ ತುಂಬಿವೆ, ಪೊರ್ಬುಗಳು ಏನೂ ಹೇಳಲಾರರು ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಈ ತಪ್ಪನ್ನು ಕಳ್ಳನೂ ಮಾಡಲಾರ, ಚಾಡಿಕೋರನೂ ಮಾಡಲಾರ. ನಾಣ್ಯ ಸಂಗ್ರಹಿಸುವವನು ಮಾತ್ರ ಮಾಡಬಲ್ಲ.

ಕಾರ್ಕಳದಲ್ಲಿ ನನ್ನ ಮೇಜಿನ ಎದುರು ಗುಂಪು ಕೂಡಿತು. ಒಬ್ಬರು ಓದಿ ಇನ್ನೊಬ್ಬರನ್ನು ಕರೆಯುತ್ತಿದ್ದರು. ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ಪೊರ್ಬುಗಳು ಕೂಡ ಚೀಟಿ ಓದಿ, ಗಂಟಲು ಸರಿಪಡಿಸಿಕೊಂಡು, "ಹೆಸರು ಬೇಕಿತ್ತೇ?" ಎಂದರು. "ಎಲ್ಲಿಂದ ಎಂಬ ಸಾಲು ನಿಮ್ಮದೇ ಅಲ್ವಾ" ಎಂದೆ. ಅವರು ಮುಂದೆ ಹೋದರು. ಆಮೇಲೆ ಬಂದರು ಕಂಕುಳಲ್ಲಿ ಕೊಡೆ ಇಟ್ಟುಕೊಂಡ ಒಬ್ಬ ಬಿಳಿ ಶರಟಿನವರು. ನಾಣ್ಯದವರಲ್ಲ, ಯಾರದೋ ಜೊತೆ ಸುಮ್ಮನೆ ಬಂದವರು. ಚೀಟಿಯನ್ನು ಎರಡು ಸಲ ಓದಿದರು.

"ಇದು ನಮ್ಮ ಕಾಪುವಿನ ಆಚಾರ್ಯರೇ ಅಲ್ವಾ?"

"ಹೌದು."

"ತೂಕ ನೀವೇ ನೋಡಿದ್ದಾ?"

"ಮಿಲಿಗ್ರಾಮಿನವರೆಗೆ" ಎಂದೆ. ಎಷ್ಟು ಜಂಬದಿಂದ ಹೇಳಿದೆ ಎಂದರೆ ಆ ದನಿ ಈಗಲೂ ನನ್ನ ಕಿವಿಯಲ್ಲಿದೆ.

ಅವರು ತಲೆಯಾಡಿಸಿ ಹೊರಟುಹೋದರು. ಪಕ್ಕದ ಮೇಜಿನವನು ನನ್ನ ಕಿವಿಯಲ್ಲಿ, "ಯಾರೂಂತ ಗೊತ್ತುಂಟಾ? ಕಾಪುವಿನ ಸೊಸೈಟಿಯ ಡೈರೆಕ್ಟರು ಮಾರಾಯ" ಎಂದ.

ಕಾರ್ಕಳದಿಂದ ಉಡುಪಿಗೆ ಬರುವ ಬಸ್ಸಿನಲ್ಲಿ ನನಗೆ ಕನ್ನಡಕ ನೆನಪಾಯಿತು. ಬರುವ ತಿಂಗಳು ತೀರ್ಮಾನ ಎಂದಿದ್ದರು, ಮನೆಯಲ್ಲಿ ಆರು ಜನ ಎಂದಿದ್ದರು. ಕಳ್ಳತೂಕದವನಿಗೆ ಚಿನ್ನ ನೋಡುವ ಕೆಲಸ ತಪ್ಪಿದರೆ ಒಳ್ಳೆಯದೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ನಾಳೆ ಕಾಪುವಿಗೆ ಹೋಗಿ ಆಚಾರ್ಯರನ್ನೇ ಒಮ್ಮೆ ಕೇಳಿಬಿಡೋಣ ಎಂದುಕೊಂಡೆ. ಮರುದಿನ ಮಳೆ ಎಂದು ಹೋಗಲಿಲ್ಲ. ಅದರ ಮರುದಿನ ಹುಡುಗರ ಪರೀಕ್ಷೆ. ಆಮೇಲೆ ಏನೂ ಕಾರಣವಿರಲಿಲ್ಲ, ಆದರೂ ಹೋಗಲಿಲ್ಲ. ಉಡುಪಿಯಿಂದ ಕಾಪು ಎಷ್ಟು ದೂರ? ಬಸ್ಸು ಹತ್ತಿ ಕೂತರೆ ಒಂದು ನಿದ್ದೆಗೂ ಸಾಲದು. ಆ ಒಂದು ತಿಂಗಳು ನನ್ನ ಪಾಲಿಗೆ ಅದು ಕಾಶಿಗಿಂತ ದೂರವಾಗಿತ್ತು.

ತಿಂಗಳು ಕಳೆದು, ಸೊಸೈಟಿಯಲ್ಲಿ ಬೇರೆ ಯಾರೋ ಕೂತರು ಎಂಬ ಸುದ್ದಿ ಅಮ್ಮನ ಬಾಯಿಂದಲೇ ಬಂತು. "ಪಾಪ, ಐತಪ್ಪ ಆಚಾರ್ರಿಗೆ ಆಗ್ಲಿಲ್ಲವಂತೆ. ಯಾರೋ ಎಂತದೋ ಬರೆದು ಹಾಕಿದ್ದಾರಂತೆ" ಎಂದಳು. ನಾನು ಗಂಜಿಯ ಬಟ್ಟಲಿನಿಂದ ತಲೆ ಎತ್ತಲಿಲ್ಲ.

ಮುಂದಿನ ಕೂಟ ಕಾಪುವಿನಲ್ಲಿತ್ತು. ತಪ್ಪಿಸಿಕೊಳ್ಳಬೇಕೆಂದಿದ್ದೆ, ಬಾರದಿದ್ದರೆ ಜನ ಏನೆನ್ನುತ್ತಾರೋ ಎಂಬ ಹೆದರಿಕೆಯಿಂದ ಹೋದೆ. ರಾಣಿ ರೂಪಾಯಿಯನ್ನು ಮೇಜಿನ ಮೇಲೆ ಇಡಲಿಲ್ಲ. ಚೀಟಿಯ ಸಮೇತ ಒಂದು ಲಕೋಟೆಯಲ್ಲಿ ಹಾಕಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಮನೆಯಲ್ಲಿ ಬಿಟ್ಟು ಬಂದರೆ ಅಮ್ಮ ನೋಡಿಬಿಟ್ಟರೆ ಎಂದು ಅದಕ್ಕೂ ಹೆದರಿಕೆ. ಚಹಾದ ಹೊತ್ತಿಗೆ ಬಾಗಿಲಲ್ಲಿ ಆಚಾರ್ಯರು ಕಂಡರು. ಹೊಸ ಕನ್ನಡಕ. ದಪ್ಪ ಕಪ್ಪು ಚೌಕಟ್ಟು, ಇನ್ನೂ ಮೂಗಿಗೆ ಹೊಂದಿಕೊಂಡಿರಲಿಲ್ಲ. ಸೀದಾ ನನ್ನ ಬಳಿಗೆ ಬಂದರು.

"ಮಾಷ್ಟ್ರೆ, ಆ ರೂಪಾಯಿ ಉಂಟಾ? ಒಮ್ಮೆ ನೋಡಬಹುದಾ?"

ಇಲ್ಲ ಎನ್ನಬಹುದಿತ್ತು. ಕೈ ತಾನಾಗಿ ಜೇಬಿಗೆ ಹೋಯಿತು. ಅವರು ನಾಣ್ಯವನ್ನು ಬದಿಗಿಟ್ಟು ಚೀಟಿಯನ್ನು ಬಿಡಿಸಿ, ನನ್ನ ಮೂರೂವರೆ ರೂಪಾಯಿಯಲ್ಲಿ ಬಂದ ಆ ಕನ್ನಡಕದಲ್ಲಿ, ಒಂದೊಂದೇ ಸಾಲು ಓದಿದರು. ಅಷ್ಟು ನಿಧಾನವಾಗಿ ನನ್ನ ಅಕ್ಷರವನ್ನು ಯಾರೂ ಓದಿರಲಿಲ್ಲ. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

"ನಿಮ್ಮ ತಕ್ಕಡಿ ಸುಳ್ಳು ಹೇಳ್ಲಿಲ್ಲ" ಎಂದರು. "ಎರಡು ಗುಲಗಂಜಿ ಕಡಿಮೆ ಉಂಟು. ಅರ ಹಾಕಿದ್ದು ನಮ್ಮ ಅಪ್ಪ."

ಬದಿಗಿಟ್ಟ ನಾಣ್ಯವನ್ನು ಬೆರಳಿನಿಂದ ನನ್ನ ಕಡೆಗೆ ಸರಿಸಿದರು.

"ನಮ್ಮ ಪೆಟ್ಟಿಗೆಯಲ್ಲಿ ರೂಪಾಯಿ ಎರಡು ಇತ್ತು ಮಾಷ್ಟ್ರೆ. ಒಂದು ಕೊಡುವ ರೂಪಾಯಿ, ಒಂದು ತೆಗೆದುಕೊಳ್ಳುವ ರೂಪಾಯಿ. ಒಡವೆ ಮಾಡಿ ಕೊಡುವಾಗ ತೂಗುವುದು ಅದರಲ್ಲಿ. ಜನ ಹಳೆ ಚಿನ್ನ ತಂದರೆ ತೂಗುವುದು ಇದರಲ್ಲಿ. ಈಗ ಹಳೆ ಚಿನ್ನ ತರುವವರೇ ಇಲ್ಲ, ಹಾಗಾಗಿ ಇದನ್ನು ನಿಮಗೆ ಕೊಟ್ಟೆ."

ಕಲಿತವನ ತಲೆಗೆ ಕೂಡಲೇ ಹೋಗಲಿಲ್ಲ. ಅವರು ಎರಡೂ ಅಂಗೈಗಳನ್ನು ತಕ್ಕಡಿಯ ತಟ್ಟೆಗಳಂತೆ ಹಿಡಿದರು.

"ಈ ಕೈಯಲ್ಲಿ ನಿಮ್ಮ ಅಮ್ಮನ ಹಳೆ ಸರ. ಈ ಕೈಯಲ್ಲಿ ಈ ರೂಪಾಯಿ. ರೂಪಾಯಿ ಹಗುರ ಆದ್ರೆ ಯಾರಿಗೆ ಲಾಭ? ತೊಲೆಗೆ ಎರಡು ಗುಂಜಿ ಕಡಿಮೆ ಇದ್ದ ಚಿನ್ನವನ್ನು ನಾವು ಪೂರ್ತಿ ತೊಲೆ ಅಂತ ತೆಗೆದುಕೊಳ್ಳುವುದು. ಅಪ್ಪ ಹೇಳುತ್ತಿದ್ದರು, ಹಳೆ ಚಿನ್ನದಲ್ಲಿ ಕೊಳೆ, ಬೆಸುಗೆ ಅಂತ ಕಳೆಯುವಾಗ ನಮ್ಮ ಕಣ್ಣು ನಮ್ಮ ಕಡೆಗೇ ಸ್ವಲ್ಪ ಜಾಸ್ತಿ ಕಳೆಯುತ್ತದೆ, ಬೇಕೂಂತ ಅಲ್ಲ, ಗೊತ್ತೇ ಆಗುವುದಿಲ್ಲ. ತೂಕದಲ್ಲೇ ಮೊದಲೇ ಸರಿ ಮಾಡಿಟ್ಟರೆ ಕಣ್ಣನ್ನು ನಂಬಬೇಕಾಗಿಲ್ಲ ಅಂತ. ಆ ದಿನ ಉಡುಪಿಯಲ್ಲಿ ಹೇಳ್ಲಿಕ್ಕೆ ಹೊರಟಿದ್ದೆ. ನೀವು ಬಿಡ್ಲಿಲ್ಲ."

ಟುವಾಲಿನಿಂದ ಇನ್ನೊಂದು ರೂಪಾಯಿ ತೆಗೆದು ನನ್ನ ಎದುರು ಇಟ್ಟರು. ಅದೂ ರಾಣಿಯದೇ. "ಇದು ಕೊಡುವುದು. ತೆಗೆದುಕೊಂಡು ಹೋಗಿ, ತೂಗಿ ನೋಡಿ" ಎಂದರು. ಬೇಡ ಎಂದು ಎರಡೂ ಕೈ ಅಡ್ಡ ಹಿಡಿದೆ. ತೂಗುವ ಅಗತ್ಯ ಬೀಳಲೇ ಇಲ್ಲ. ಅಂಚಿನ ಗೀರುಗಳು ಸುತ್ತಲೂ ಹಾಗೇ ಇದ್ದವು, ಬರಿಗಣ್ಣಿಗೆ ಕಾಣುತ್ತಿದ್ದವು.

ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. "ಒಂದು ಕಾರ್ಡು ಹಾಕಿದ್ರೆ ಸಾಕಿತ್ತಲ್ಲ ಮಾಷ್ಟ್ರೆ, ನಾನೇ ಬಂದು ಹೇಳುತ್ತಿದ್ದೆ" ಎಂದರು, ಅಷ್ಟೇ. ಚೀಟಿಯನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ನನ್ನ ಕೈಗೆ ಕೊಟ್ಟರು. "ಇಟ್ಟುಕೊಳ್ಳಿ. ಚೀಟಿ ಇಲ್ಲದಿದ್ರೆ ಪೊರ್ಬುಗಳು ಮೇಜಿಗೆ ಬಿಡ್ಲಿಕ್ಕಿಲ್ಲ."

ಆ ವಾರವೇ ಸುಮತಿಯ ಸರವನ್ನು ಏನೋ ನೆಪ ಹೇಳಿ ತೆಗೆದುಕೊಂಡು ಹೋಗಿ ತೂಗಿದೆ. ಮೂರು ಸಲ. ಮೂರು ತೊಲೆಗೆ ಒಂದು ಕೂದಲೆಳೆಯಷ್ಟು ಕಡಿಮೆ. ಅದು ಐದು ವರ್ಷ ಕತ್ತಿನ ಮೇಲೆ ಸವೆದದ್ದು. ಆ ಹಗುರ ರೂಪಾಯಿಯಲ್ಲಿ ತೂಗಿ ಮೂರು ತೊಲೆ ಎಂದು ತೆಗೆದುಕೊಂಡ ಅಮ್ಮನ ಹಳೆಯ ಚಿನ್ನ ಪೂರ್ತಿ ಮೂರು ತೊಲೆ ಇರಲಿಲ್ಲ ಎಂದಾಯಿತು. ಕಡಿಮೆ ಬಿದ್ದದ್ದನ್ನು ತುಂಬಿಸಿ ಕೊಟ್ಟವರನ್ನು ನಾನು ಕಳ್ಳ ಎಂದು ಬರೆದು, ಬೆಂಚಿನ ಮೇಲೆ ಬಿಳಿ ಪಂಚೆ ಹಾಸಿ ಊರಿಗೆ ತೋರಿಸಿದ್ದೆ. ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಅತ್ತೆ. ನಾಚಿಕೆಗಿಂತ ದೊಡ್ಡ ಮಾತು ಕನ್ನಡದಲ್ಲಿ ಇದ್ದರೆ ನನಗೆ ತಿಳಿಯದು.

ಆಮೇಲೆ ಧೈರ್ಯ ಬಂತು, ಬರಬೇಕಾದ ಹೊತ್ತು ದಾಟಿದ ಮೇಲೆ. ಕೊಡೆಯ ಡೈರೆಕ್ಟರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ. ಕೂರಿಸಿ, ಬೆಲ್ಲ ನೀರು ಕೊಟ್ಟು, ಪೂರ್ತಿ ಕೇಳಿದರು. "ಇರಬಹುದು ಮಾಷ್ಟ್ರೆ. ಈಗ ಹೇಳುವುದು ನಿಜವೇ ಇರಬಹುದು. ಆದ್ರೆ ಮೊದಲು ಬರೆದದ್ದನ್ನೂ ನೀವು ನಿಜಾಂತಲೇ ಬರೆದದ್ದಲ್ವಾ? ಆ ಕೆಲಸಕ್ಕೆ ಬೇರೆಯವರು ಕೂತಾಗಿದೆ. ಅವರನ್ನು ಎಬ್ಬಿಸಲಿಕ್ಕೆ ಎಂತ ಕಾರಣ ಹೇಳುವುದು?" ಎಂದರು. ನಾನು ಲೋಟ ಕೆಳಗಿಟ್ಟು ಎದ್ದು ಬಂದೆ.

ಆಚಾರ್ಯರು ಪೇಟೆಯ ಒಂದು ಅಂಗಡಿಯ ಜಗಲಿಯಲ್ಲಿ ಗಡಿಯಾರ, ಕನ್ನಡಕ ರಿಪೇರಿಗೆ ಕೂತರು. ಚಿನ್ನದ ಕೈ, ಅದಕ್ಕೂ ಹೊಂದಿಕೊಂಡಿತು. ಆದರೆ ಆರು ಜನರ ಮನೆಗೆ ಅದು ಸಾಲುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ದೊಡ್ಡ ಮಗ ಶಾಲೆ ಬಿಟ್ಟು ಮುಂಬಯಿಯ ಹೋಟೆಲಿಗೆ ಹೋದ. ನಾನು ಮೂರು ಸಲ ಸರಿಯಾಗಿಯೇ ಓಡುತ್ತಿದ್ದ ನನ್ನ ಕೈಗಡಿಯಾರವನ್ನು ರಿಪೇರಿಗೆಂದು ಅವರ ಬಳಿಗೆ ಒಯ್ದೆ. ಅವರು ಹಿಂಬದಿ ಬಿಚ್ಚಿ, ಕಣ್ಣಿಗೆ ಭೂತಗನ್ನಡಿಯ ಕುಪ್ಪಿ ಇಟ್ಟು ನೋಡಿ, ಮತ್ತೆ ಮುಚ್ಚಿ, "ಇದಕ್ಕೆ ಎಂತದೂ ಆಗ್ಲಿಲ್ಲ ಮಾಷ್ಟ್ರೆ" ಎಂದು ವಾಪಸು ಕೊಟ್ಟರು. ಒಂದು ಸಲವೂ ದುಡ್ಡು ಮುಟ್ಟಲಿಲ್ಲ. ನಾಲ್ಕನೆಯ ಸಲ ನನಗೆ ಹೋಗಲಾಗಲಿಲ್ಲ.

ಕೂಟವನ್ನೂ ಬಿಟ್ಟೆ. ನಾಣ್ಯಗಳನ್ನು ಒಂದೊಂದಾಗಿ ಮಾರಿದೆ. ಉಳಿದದ್ದು ಇದೊಂದೇ, ತನ್ನ ಚೀಟಿಯ ಸಮೇತ. ಹರಿಯಬಹುದಿತ್ತು ಎನ್ನುತ್ತೀರಾ? ಎಷ್ಟೋ ಸಲ ಬೆರಳಿನ ನಡುವೆ ಹಿಡಿದದ್ದುಂಟು. ಹರಿದರೆ ನಾನು ಬರೆದದ್ದು ಹೋಗುತ್ತದೆ, ಜನ ಓದಿದ್ದು ಹೋಗುತ್ತದೆಯೇ? ಹೀಗೆ ಯೋಚಿಸಿ ಮತ್ತೆ ಲಕೋಟೆಯೊಳಗೆ ಇಡುವುದು. ಅರುವತ್ತು ವರ್ಷ ಹೀಗೆಯೇ ಕಳೆಯಿತು.

ಇಷ್ಟನ್ನು ನಿಮಗೆ ಹೇಳಿದ ಮೇಲೆ ಶಾಲಿನಿಗೂ ಹೇಳದೆ ಇರಲಾಗಲಿಲ್ಲ. ಸಂಜೆ ಅವಳು ಚಹಾ ತಂದಾಗ ಲಕೋಟೆಯನ್ನೇ ಅವಳ ಕೈಗೆ ಕೊಟ್ಟೆ. ಕಾಗದ ಹಳದಿಯಾಗಿತ್ತು, ಶಾಯಿ ಮಾತ್ರ ಹಾಗೇ ಇತ್ತು. ಅವಳು ಓದಿ, ತಿರುಗಿಸಿ, ಮತ್ತೆ ಓದಿದಳು.

"ಇದು ನಿಮ್ಮ ಅಕ್ಷರವಾ ಮಾವ?"

"ನನ್ನದೇ."

ಕಥೆಯನ್ನೆಲ್ಲ ಕೇಳಿದಳು. ಆಮೇಲೆ ಅಡುಗೆಕೋಣೆಗೆ ಹೋಗಿ ಆ ಗಾಜಿನ ಹಲಗೆಯನ್ನು, ಒಂದು ಬಿಳಿ ಕಾಗದವನ್ನು ತಂದು ನನ್ನ ಮೇಜಿನ ಮೇಲೆ ಇಟ್ಟಳು. "ಭಾನುವಾರಕ್ಕೆ ಇದನ್ನೇ ಕೊಂಡುಹೋಗುವ. ಹೊಸ ಚೀಟಿ ಬರೆಯಿರಿ. ಕೈ ನಡುಗುವುದಾದ್ರೆ ಹೇಳಿ, ನಾನು ಬರೀತೇನೆ."

"ಬೇಡ. ಇದೂ ನನ್ನ ಅಕ್ಷರದಲ್ಲೇ ಇರಬೇಕು" ಎಂದೆ.

ಬರೆಯಲು ಕೂತೆ. ಮೊದಲು ಹಲಗೆಯ ಮೇಲೆ ರೂಪಾಯಿಯನ್ನು ಮೂರು ಸಲ ಇಟ್ಟು ನೋಡಿದೆ. ದುಂಡಗಿನ ಅಕ್ಷರವೆಲ್ಲ ಹೋಗಿ ಎಷ್ಟೋ ವರ್ಷವಾಗಿದೆ. ಎಲ್ಲಿಂದ ಬಂತು: ಕಾಪುವಿನ ಐತಪ್ಪ ಆಚಾರ್ಯರು ಮತ್ತು ಅವರ ತಂದೆ, ಹಳೆಯ ಚಿನ್ನ ತೆಗೆದುಕೊಳ್ಳುವಾಗ ತೂಗುತ್ತಿದ್ದ ರೂಪಾಯಿ. ಕಾಲ: ರಾಣಿಯದು. ಲೋಹ: ಬೆಳ್ಳಿ. ತೂಕ: ಒಂದು ತೊಲೆಗೆ ಎರಡು ಗುಲಗಂಜಿ ಕಡಿಮೆ, ಮೂರು ಸಲ ತೂಗಿದ್ದು.

ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಭಾನುವಾರ ಬರುವವರೆಲ್ಲ ಬಲ್ಲವರು. ಅರ ಹಾಕಿದ ಅಂಚು ಅವರ ಕಣ್ಣಿಗೆ ಮೊದಲು ಬೀಳುತ್ತದೆ. ಮುದುಕನಿಗೆ ಕಣ್ಣು ಕಾಣುವುದಿಲ್ಲ, ಬುದ್ಧಿಯೂ ಹೋಗಿದೆ ಎಂದು ಒಬ್ಬರಿಗೊಬ್ಬರು ಚೀಟಿ ತೋರಿಸಿ ನಗುತ್ತಾರೆ. ಆ ನಗು ಈಗಲೇ ಕೇಳಿಸಿತು, ಹಳೆಯ ಹೆದರಿಕೆ ಎದ್ದಿತು. ಏಳಲಿ ಎಂದು ಬಿಟ್ಟೆ. ದೋಷ ಎಂಬುದರ ಮುಂದೆ, ಸಾಧ್ಯವಾದಷ್ಟು ದುಂಡಗೆ, 'ಇಲ್ಲ' ಎಂದು ಬರೆದೆ.